ಸೊನ್ನೆ ಬೈ ಸೊನ್ನೆ

ದೀಪಾವಳಿ ಮುಗಿಸಿಕೊಂಡು ಬೆಂಗಳೂರಿಗೆ ವಾಪಸ್ ಬಂದ ವಾರ ಅಣ್ಣನ ಮಗಳ ವಾಟ್ಸಾಪ್ ಬಂತು. ಶಹಾಪುರದಲ್ಲಿ ಫಸ್ಟ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಹತ್ತನೇ ತರಗತಿವರೆಗೆ ನನ್ನ ಹಾಗೇ ಊರಿನ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ನೋಟ್‌ಬುಕ್ಕಿನ ಒಂದು ಪುಟದ ಫೋಟೊ, ಅದರ ಕೆಳಗೊಂದು ವಾಯ್ಸ್ ನೋಟ್.

ಪುಟದಲ್ಲಿದ್ದದ್ದು ಲಿಮಿಟ್ಸ್ ಪಾಠದ ಲೆಕ್ಕ. ಸೈನ್ಸ್ ಓದಿದವರೆಲ್ಲ ಒಮ್ಮೆಯಾದರೂ ಮಾಡಿರುತ್ತೀರಿ. ಎಕ್ಸ್ ವರ್ಗದಲ್ಲಿ 9 ಕಳೆದು, ಬಂದದ್ದನ್ನು ಎಕ್ಸ್ ಮೈನಸ್ 3ರಿಂದ ಭಾಗಿಸಬೇಕು. ಎಕ್ಸ್ 3ರ ಕಡೆಗೆ ಹೋದಾಗ ಇದು ಎಲ್ಲಿಗೆ ಹೋಗುತ್ತದೆ? ನೇರವಾಗಿ 3 ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಹಾಗಾಗಿ ಮೇಲಿನದನ್ನು ಎಕ್ಸ್ ಮೈನಸ್ 3 ಮತ್ತು ಎಕ್ಸ್ ಪ್ಲಸ್ 3 ಅಂತ ಒಡೆಯೋದು, ಎಕ್ಸ್ ಮೈನಸ್ 3 ಅನ್ನು ಮೇಲೆ ಕೆಳಗೆ ಹೊಡೆದು ಹಾಕೋದು, ಉಳಿದ ಎಕ್ಸ್ ಪ್ಲಸ್ 3ರಲ್ಲಿ 3 ಹಾಕೋದು. ಉತ್ತರ 6. ಮೂರೇ ಸ್ಟೆಪ್.

ವಾಯ್ಸ್ ನೋಟ್ ಹೀಗಿತ್ತು: "ಕಾಕಾ, ಕ್ಯಾನ್ಸಲ್ ಮಾಡೋ ಮುಂದ ಎಕ್ಸ್ ಮೂರು ಅಲ್ಲ ಅಂತಾರ. ಅಲ್ಲ ಅಂದ್ರ ಮಾತ್ರ ಕ್ಯಾನ್ಸಲ್ ಮಾಡ್ಲಾಕ ಬರ್ತದ. ಮುಂದಿನ ಲೈನ್‌ನ್ಯಾಗ ಅದೇ ಎಕ್ಸ್ ಮೂರು ಅಂತ ಹಾಕ್ತಾರ. ಒಂದೇ ಲೆಕ್ಕದಾಗ ಎರಡು ಮಾತು. ಇದು ಮೋಸ ಅಲ್ಲೇನು? ನಂಗ ಸೈನ್ಸ್ ತಲಿಗಿ ಹತ್ತಂಗಿಲ್ಲ ಅನಸ್ತದ. ಆರ್ಟ್ಸ್‌ಗೆ ಹೋಗ್ಲೇನು?"

ಆರ್ಟ್ಸ್ ಓದೋದರಲ್ಲಿ ತಪ್ಪೇನಿಲ್ಲ. ಆದರೆ ಅವಳು ಆರ್ಟ್ಸ್ ಇಷ್ಟ ಅಂತ ಹೋಗ್ತೀನಿ ಅನ್ನುತ್ತಿರಲಿಲ್ಲ, ತಾನು ದಡ್ಡಿ ಅಂದುಕೊಂಡು ಹೋಗ್ತೀನಿ ಅನ್ನುತ್ತಿದ್ದಳು. ನನಗೆ ಚುಚ್ಚಿದ್ದು ಅದು. ಯಾಕಂದರೆ ಇದೇ ಪ್ರಶ್ನೆಯನ್ನು ಪಿಯುಸಿಯಲ್ಲಿ ನಾನೂ ಕೇಳಿದ್ದೆ. ಅರ್ಧ ಇಂಗ್ಲಿಷ್, ಅರ್ಧ ನಮ್ಮ ಭಾಷೆಯಲ್ಲಿ ತಡವರಿಸುತ್ತ ಕೇಳಿದ್ದೆ. "ಸುಮ್ನ ಸ್ಟೆಪ್ಸ್ ಬರಿ, ಮಾರ್ಕ್ಸ್ ಬರ್ತಾವ" ಅಂತ ಉತ್ತರ ಬಂತು, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕೂತೆ. ಮತ್ತೆ ಕೇಳಲಿಲ್ಲ. ಸ್ಟೆಪ್ಸ್ ಬರೆದೆ, ಮಾರ್ಕ್ಸ್ ಬಂತು, ಬಿಇ ಆಯ್ತು, ಕೆಲಸ ಸಿಕ್ತು. ಇಷ್ಟೆಲ್ಲ ಆದಮೇಲೂ ಹದಿನಾರು ವರ್ಷದ ಹುಡುಗಿಗೆ ಕೊಡೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಭಾನುವಾರ ಫೋನ್ ಮಾಡ್ತೀನಿ" ಅಂತ ಟೈಪ್ ಮಾಡಿ ತಪ್ಪಿಸಿಕೊಂಡೆ.

ಆ ಭಾನುವಾರದೊಳಗೆ ಹುಡುಕಿ ಓದಿದ್ದು ಈ ಲೇಖನ. ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತೆ ಅಂತ ತಲೆ ಕೆಡಿಸಿಕೊಂಡವರ ಸಾಲು ಬಹಳ ಉದ್ದ ಇದೆ. ಆ ಸಾಲಿನಲ್ಲಿ ಒಬ್ಬ ನಮ್ಮ ಪಕ್ಕದ ಊರಿನ ಅರಸನ ಕಾಲದವನು.

ನಮ್ಮ ಕಡೆಯ ಇತಿಹಾಸ ಅಂದರೆ ಜನಕ್ಕೆ ನೆನಪಾಗೋದು ಬೇರೆ. ಯಾದಗಿರಿ ಅಂದರೆ ಬೆಟ್ಟದ ಮೇಲಿನ ಕೋಟೆ. ಶಹಾಪುರ ಅಂದರೆ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ. ಸುರಪುರ ಅಂದರೆ ನಾಯಕರು, 1858ರ ರಾಜಾ ವೆಂಕಟಪ್ಪ ನಾಯಕ, ಅವನು ಹುಡುಗನಾಗಿದ್ದಾಗ ಅಲ್ಲಿದ್ದ ಮೆಡೋಸ್ ಟೇಲರ್. ಗಣಿತ ಯಾರ ನೆನಪಿಗೂ ಬರೋದಿಲ್ಲ. ಬಂದರೂ ಫಲಿತಾಂಶದ ದಿನ ಬರುತ್ತೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ. 94 ತೆಗೆದು ಮೊದಲು, ಯಾದಗಿರಿ ಶೇ. 50.59 ತೆಗೆದು ಕೊನೆ. ಆಫೀಸಿನಲ್ಲಿ ಯಾರಾದರೂ "ನಿಮ್ಮ ಡಿಸ್ಟ್ರಿಕ್ಟ್ ಮತ್ತೆ ಲಾಸ್ಟಾ?" ಅಂತ ಕೇಳಿದರೆ ನಗೋದನ್ನು ಕಲಿತಿದ್ದೇನೆ.

ಯಾದಗಿರಿಯಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಹೋದರೆ ಭೀಮಾ ನದಿಯ ಸೇತುವೆ ದಾಟಬೇಕು. ಆ ನೀರಿನಲ್ಲಿ ಒಂದು ಪಾಲು ಕಾಗಿಣಾದ್ದು. ಕಾಗಿಣಾ ಕಲಬುರಗಿ ಜಿಲ್ಲೆಯಲ್ಲಿ ಭೀಮೆಯನ್ನು ಸೇರುವ ಮೊದಲು ಸೇಡಂ ತಾಲೂಕಿನ ಮಳಖೇಡದ ಕೋಟೆ ಪಕ್ಕ ಹಾದು ಬರುತ್ತದೆ. ಈಗ ಅಲ್ಲಿ ಬಿದ್ದ ಕೋಟೆ ಗೋಡೆ, ಒಂದು ಹಳೆಯ ಬಸದಿ, ಜಯತೀರ್ಥರ ವೃಂದಾವನ, ಹತ್ತಿರದಲ್ಲೇ ಸಿಮೆಂಟ್ ಫ್ಯಾಕ್ಟರಿ. ಒಂಬತ್ತನೇ ಶತಮಾನದಲ್ಲಿ ಅದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಕವಿರಾಜಮಾರ್ಗ ಅವನ ಆಸ್ಥಾನದ್ದು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ಅರಸನನ್ನು ಹೊಗಳಿ ಶುರುವಾಗುವ ಇನ್ನೊಂದು ಪುಸ್ತಕದ ಬಗ್ಗೆ ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಸುಮಾರು 850ರಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹ.

ಮಹಾವೀರ ಜೈನ. ಅವನಿಗಿಂತ ಮೊದಲಿನವರು ಗಣಿತವನ್ನು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಳಗೆ ಒಂದೆರಡು ಅಧ್ಯಾಯವಾಗಿ ಬರೆಯುತ್ತಿದ್ದರು. ಇವನು ಇಡೀ ಪುಸ್ತಕವನ್ನೇ ಗಣಿತಕ್ಕೆ ಮೀಸಲಿಟ್ಟ. ಅಡುಗೆ, ಸಂಗೀತ, ವೈದ್ಯ, ಕಟ್ಟಡ, ಛಂದಸ್ಸು, ಏನೇ ತೆಗೆದುಕೊಳ್ಳಿ, ಗಣಿತ ಇಲ್ಲದೆ ನಡೆಯೋದಿಲ್ಲ ಅಂತ ಪುಸ್ತಕದ ಮೊದಲಿಗೇ ಹೇಳುತ್ತಾನೆ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಅನ್ನುವ ಸೂತ್ರ, ನಾವು ಕಾಂಬಿನೇಷನ್ಸ್ ಅಂತ ಓದಿದ್ದು, ಅವನಲ್ಲಿ ಪೂರ್ತಿ ಸಾಮಾನ್ಯ ರೂಪದಲ್ಲಿ ಇದೆ. ಭಿನ್ನರಾಶಿ ಕೂಡಿಸೋಕೆ ಲಸಾಅ ತೆಗೆಯುವ ವಿಧಾನವೂ ಇದೆ. ಚಿಕ್ಕ ಆಸಾಮಿಯಲ್ಲ.

ಅಂಥವನು ಸೊನ್ನೆಯ ಬಗ್ಗೆ ಹೇಳಿದ್ದೇನು? ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಸೊನ್ನೆಯನ್ನು ಕೂಡಿಸಿದರೂ ಕಳೆದರೂ ಸಂಖ್ಯೆ ಹಾಗೇ ಇರುತ್ತೆ. ಇಲ್ಲಿವರೆಗೆ ಸರಿ. ಸೊನ್ನೆಯಿಂದ ಭಾಗಿಸಿದರೂ ಹಾಗೇ ಇರುತ್ತೆ ಅಂದ. ಅಂದರೆ 12 ಬೈ ಸೊನ್ನೆ 12. ಪರೀಕ್ಷೆಯಲ್ಲಿ ಬರೆದರೆ ಕೆಂಪು ಗೆರೆ.

ಆದರೆ ಅವನು ಹೇಗೆ ಯೋಚಿಸಿರಬಹುದು ನೋಡಿ. ಹನ್ನೆರಡು ರೊಟ್ಟಿ ಇದೆ, ಹಂಚೋಕೆ ಯಾರೂ ಇಲ್ಲ. ಹಂಚಲಿಲ್ಲ ಅಂದಮೇಲೆ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು. ಹೀಗೆ ಯೋಚಿಸಿದರೆ 12 ಅನ್ನೋದು ಹುಚ್ಚು ಉತ್ತರ ಏನಲ್ಲ. ಈಗ ಬರುತ್ತಿರುವ ರಿಸ್ಕ್-ಫೈವ್ ಪ್ರೊಸೆಸರ್‌ಗಳ ನಿಯಮಾವಳಿಯಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಶೇಷ ಎಷ್ಟು ಅಂತ ಕೊಟ್ಟಿದ್ದಾರೆ ಗೊತ್ತಾ? ಭಾಜ್ಯ ಎಷ್ಟಿತ್ತೋ ಅಷ್ಟೇ. ಬುಟ್ಟಿಯ ರೊಟ್ಟಿ ಬುಟ್ಟಿಯಲ್ಲೇ. ಮಹಾವೀರ ಶೇಷವನ್ನು ಭಾಗಲಬ್ಧ ಅಂದುಬಿಟ್ಟ ಅಂತ ನಾನು ಸಮಾಧಾನ ಮಾಡಿಕೊಂಡೆ.

ಅವನಿಗಿಂತ ಇನ್ನೂರು ವರ್ಷ ಮೊದಲು, 628ರಲ್ಲಿ, ಬ್ರಹ್ಮಗುಪ್ತ ಸೊನ್ನೆ ಬೈ ಸೊನ್ನೆ ಸೊನ್ನೆ ಅಂತ ಬರೆದಿದ್ದ. ಇದನ್ನು ಓದಿ ನನಗೆ ನಗು ಬಂತು, ಯಾಕಂದರೆ ನಾನೂ ಅದನ್ನೇ ಮಾಡಿದ್ದೇನೆ. ಒಂದು ರಾತ್ರಿ ಕ್ಲೈಂಟ್‌ನ ಡ್ಯಾಶ್‌ಬೋರ್ಡ್ ತುಂಬ "ನಾಟ್ ಎ ನಂಬರ್" ಅಂತ ಬರತೊಡಗಿತು. ನೂರು ಜನ ಪೇಜ್ ನೋಡಿ ಹತ್ತು ಜನ ಕೊಂಡರೆ ಶೇ. 10. ಆ ಹೊಸ ಪೇಜನ್ನು ಯಾರೂ ನೋಡಿರಲಿಲ್ಲ, ಯಾರೂ ಕೊಂಡಿರಲಿಲ್ಲ. ಸೊನ್ನೆ ಬೈ ಸೊನ್ನೆ. 1985ರ ಐಇಇಇ 754 ಅನ್ನುವ ಸ್ಟ್ಯಾಂಡರ್ಡ್ ಪ್ರಕಾರ ಕಂಪ್ಯೂಟರ್ ಇದಕ್ಕೆ ಕೊಡೋ ಉತ್ತರ ಅದು: ಇದು ಸಂಖ್ಯೆಯೇ ಅಲ್ಲ. ಛೇದ ಸೊನ್ನೆ ಇದ್ದರೆ ಸೊನ್ನೆ ತೋರಿಸು ಅಂತ ಒಂದು ಲೈನ್ ಬರೆದು ಮಲಗಿದೆ. ಬ್ರಹ್ಮಗುಪ್ತನ ಫಿಕ್ಸ್.

ನಿಜವಾದ ತಿರುವು ಬರೋದು ಇನ್ನೂ ಮುನ್ನೂರು ವರ್ಷದ ಮೇಲೆ, ಭಾಸ್ಕರಾಚಾರ್ಯನಲ್ಲಿ. ಹುಟ್ಟಿದ್ದು 1114ರಲ್ಲಿ. ಸಹ್ಯಾದ್ರಿಯ ಹತ್ತಿರದ ವಿಜ್ಜಡವಿಡ ತನ್ನ ಊರು ಅಂತ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರ ಅಂತ ನಮ್ಮವರು, ಮಹಾರಾಷ್ಟ್ರದ್ದು ಅಂತ ಅವರು. ಆ ಜಗಳ ಅವರವರಿಗೇ ಬಿಡೋಣ. 1150ರಲ್ಲಿ, 36ನೇ ವಯಸ್ಸಿನಲ್ಲಿ, ಅವನು ಸಿದ್ಧಾಂತ ಶಿರೋಮಣಿ ಮುಗಿಸಿದ. ಲೀಲಾವತಿ ಅದರದ್ದೇ ಭಾಗ ಅಂತ ಎಣಿಸುತ್ತಾರೆ.

ಲೀಲಾವತಿಯಲ್ಲಿ ಸೊನ್ನೆಗೆ ಅವನು ಒಂದು ವಿಚಿತ್ರ ನಿಯಮ ಕೊಡುತ್ತಾನೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ನಿಜ. ಆದರೆ ಲೆಕ್ಕ ಇನ್ನೂ ಬಾಕಿ ಇದ್ದರೆ ಕೂಡಲೇ ಸೊನ್ನೆ ಅಂತ ಬರೆಯಬೇಡ. ಇದು ಸೊನ್ನೆಯಿಂದ ಗುಣಿಸಿದ್ದು ಅಂತ ನೆನಪಿಟ್ಟುಕೊಂಡು ಮುಂದೆ ಹೋಗು. ಮುಂದೆ ಎಲ್ಲಾದರೂ ಸೊನ್ನೆಯಿಂದಲೇ ಭಾಗಿಸುವುದು ಬಂದರೆ ಎರಡೂ ಹೋಗುತ್ತವೆ, ಸಂಖ್ಯೆ ಹಾಗೇ ಉಳಿಯುತ್ತದೆ. ಇದಕ್ಕೆ ಒಂದು ಲೆಕ್ಕವನ್ನೂ ಕೊಟ್ಟಿದ್ದಾನೆ: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧ ಸೇರಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63. ಆ ಸಂಖ್ಯೆ ಯಾವುದು?

ಉತ್ತರ 14. ಇದನ್ನು ಇವತ್ತಿನ ಕಣ್ಣಿನಿಂದ ನೋಡೋಣ. ಸೊನ್ನೆ ಜಾಗದಲ್ಲಿ 0.1 ಇಡಿ. 14ನ್ನು 0.1ರಿಂದ ಗುಣಿಸಿದರೆ 1.4, ಅದರ ಅರ್ಧ 0.7, ಕೂಡಿದರೆ 2.1, ಮೂರರಿಂದ ಗುಣಿಸಿದರೆ 6.3, ತಿರುಗಿ 0.1ರಿಂದ ಭಾಗಿಸಿದರೆ 63. ಈಗ 0.001 ಇಡಿ. 0.014, ಅರ್ಧ 0.007, ಕೂಡಿ 0.021, ಮೂರು ಪಟ್ಟು 0.063, ಭಾಗಿಸಿದರೆ ಮತ್ತೆ 63. ಸೊನ್ನೆಗೆ ಎಷ್ಟು ಹತ್ತಿರ ಹೋದರೂ 63ರಿಂದ ಅಲುಗೋದಿಲ್ಲ. ಸೊನ್ನೆಯ ಮೇಲೆ ನಿಂತರೆ ಮಾತ್ರ ಸೊನ್ನೆ ಬೈ ಸೊನ್ನೆ. ಪಿಯುಸಿಯಲ್ಲಿ ಲಿಮಿಟ್ ಅಂತ ಮಾಡೋ ಕೆಲಸದ ಆಕಾರ ಇದೇ.

ಇಂಥ ಲೆಕ್ಕ ಗ್ರಹಗಣಿತದಲ್ಲಿ ಬಹಳ ಉಪಯೋಗ ಅಂತಲೂ ಅವನು ಅಲ್ಲೇ ಹೇಳುತ್ತಾನೆ. ಯಾಕಿರಬಹುದು? ಚಂದ್ರ ದಿನಕ್ಕೆ ಸರಾಸರಿ 13 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಚಲಿಸುತ್ತಾನೆ. ಆದರೆ ಒಂದು ದಿನ 12ರ ಹತ್ತಿರ, ಇನ್ನೊಂದು ದಿನ 15ರ ಹತ್ತಿರ. ನಾಳಿನ ಜಾಗದಲ್ಲಿ ಇವತ್ತಿನ ಜಾಗ ಕಳೆದರೆ ಬರೋದು ಇಡೀ ದಿನದ ವೇಗ, ಅದನ್ನು ಅವನು ಸ್ಥೂಲ ಗತಿ ಅಂತಾನೆ. ತಿಥಿ ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಹೇಳೋಕೆ ಅದು ಸಾಲದು. ಆ ಕ್ಷಣದ ವೇಗ ಬೇಕು, ತಾತ್ಕಾಲಿಕ ಗತಿ. ದಿನದಿಂದ ಗಳಿಗೆಗೆ, ಗಳಿಗೆಯಿಂದ ಅದಕ್ಕೂ ಚಿಕ್ಕದಕ್ಕೆ ಇಳಿಸುತ್ತ ಹೋದರೆ ಚಂದ್ರ ನಡೆದ ದೂರವೂ ಸೊನ್ನೆಯ ಕಡೆಗೆ, ತೆಗೆದುಕೊಂಡ ಸಮಯವೂ ಸೊನ್ನೆಯ ಕಡೆಗೆ. ಸೊನ್ನೆ ಬೈ ಸೊನ್ನೆಯಿಂದ ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ. ಒಂದು ಕ್ಷಣದ ವೇಗ ಅಂದರೇನೇ ಅದು. ನಮ್ಮ ಬಸ್ಸು ಭೀಮಾ ಸೇತುವೆ ಏರುವಾಗ ಸ್ಪೀಡೋಮೀಟರ್ ಮುಳ್ಳು ತೋರಿಸೋದೂ ಅದೇ ಜಾತಿಯದ್ದು.

ಇಷ್ಟು ಓದಿದಾಗ ನನಗೆ ಖುಷಿಯಾಗಿ ಎದೆ ಉಬ್ಬಿತು. "ಭಾಸ್ಕರ ನ್ಯೂಟನ್‌ಗಿಂತ 500 ವರ್ಷ ಮೊದಲೇ ಕಂಡುಹಿಡಿದ" ಅಂತ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬರೆಯೋಣ ಅನ್ನಿಸಿತು. ಅಷ್ಟರಲ್ಲಿ ಬೀಜಗಣಿತದ ಲೆಕ್ಕ ಸಿಕ್ಕಿತು. ಅದೂ ಭಾಸ್ಕರನದ್ದೇ ಪುಸ್ತಕ.

ಲೆಕ್ಕ ಹೀಗಿದೆ. ಒಂದು ಸಂಖ್ಯೆಗೆ ಅದರ ಅರ್ಧ ಸೇರಿಸಿ ಸೊನ್ನೆಯಿಂದ ಗುಣಿಸು. ಬಂದದ್ದರ ವರ್ಗ ಮಾಡಿ, ಅದಕ್ಕೆ ಬಂದದ್ದರ ಎರಡರಷ್ಟನ್ನು ಸೇರಿಸು. ಕೊನೆಗೆ ಸೊನ್ನೆಯಿಂದ ಭಾಗಿಸು. 15 ಬರಬೇಕು. ಸಂಖ್ಯೆ ಯಾವುದು? ಭಾಸ್ಕರ ತನ್ನ ನಿಯಮದಂತೆ ಸೊನ್ನೆಗಳನ್ನೆಲ್ಲ ಹೊಡೆದು ಹಾಕುತ್ತಾನೆ. ಸಂಖ್ಯೆ 2 ಆದರೆ ಅರ್ಧ ಸೇರಿ 3, ವರ್ಗ 9, ಎರಡರಷ್ಟು 6, ಕೂಡಿದರೆ 15. ಉತ್ತರ 2 ಅಂತ ಕೊಟ್ಟಿದ್ದಾನೆ.

ಮೊದಲಿನ ಹಾಗೇ ಸೊನ್ನೆ ಜಾಗದಲ್ಲಿ 0.01 ಇಟ್ಟು ಪರೀಕ್ಷೆ ಮಾಡಿದೆ. 3ರಿಂದ ಗುಣಿಸಿದರೆ 0.03. ಅದರ ವರ್ಗ 0.0009. ಎರಡರಷ್ಟು 0.06. ಕೂಡಿದರೆ 0.0609, ಭಾಗಿಸಿದರೆ 6.09. ಇನ್ನೂ ಚಿಕ್ಕದು ಇಟ್ಟರೆ 6ಕ್ಕೆ ಇನ್ನೂ ಹತ್ತಿರ. 15 ಬರೋದೇ ಇಲ್ಲ. ವರ್ಗ ಮಾಡಿದಾಗ ಸೊನ್ನೆ ಎರಡು ಸಲ ಬಂದಿದೆ, ಕೆಳಗಿರೋದು ಒಂದೇ ಸಲ. ಒಂದು ಹೋದರೂ ಇನ್ನೊಂದು ಉಳಿದು ಆ ಭಾಗವನ್ನೇ ನುಂಗಿಬಿಡುತ್ತೆ. ಲಿಮಿಟ್ ದಾರಿಯಲ್ಲಿ ಹೋದರೆ ಉತ್ತರ 5 ಆಗಬೇಕು. ಬೇಕಾದರೆ ಪೆನ್ನು ಹಿಡಿದು ಮಾಡಿ ನೋಡಿ.

ಒಂದೇ ನಿಯಮ, ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಯಾವಾಗ ಹೊಡೆದು ಹಾಕಬಹುದು, ಯಾಕೆ ಹಾಕಬಹುದು ಅನ್ನೋದು ಆ ನಿಯಮದಲ್ಲಿ ಇಲ್ಲ. ಬರೀ ಸ್ಟೆಪ್ಸ್ ಇವೆ. ಭಾಸ್ಕರನಂಥ ಬುದ್ಧಿವಂತನನ್ನೇ ಸ್ಟೆಪ್ಸ್ ದಾರಿ ತಪ್ಪಿಸಿದೆ ಅಂದಮೇಲೆ "ಸುಮ್ನ ಸ್ಟೆಪ್ಸ್ ಬರಿ" ಅನ್ನೋದು ಎಂಥ ಸಲಹೆ ಅಂತ ಯೋಚನೆಗೆ ಬಿದ್ದೆ. ಫಾರ್ವರ್ಡ್ ಬರೆಯಲಿಲ್ಲ.

ಯಾಕೆ ಅನ್ನೋದನ್ನು ಬಿಡಿಸಿ ಬರೆದ ಒಂದು ಪುಸ್ತಕ ದಕ್ಷಿಣದಲ್ಲೇ ಇದೆ. ಹದಿನಾಲ್ಕನೇ ಶತಮಾನದಲ್ಲಿ ಕೇರಳದ ಸಂಗಮಗ್ರಾಮದ ಮಾಧವನಿಂದ ಶುರುವಾದ ಗುರುಪರಂಪರೆ ವೃತ್ತದ ಪರಿಧಿಯನ್ನು ಮುಗಿಯದ ಸರಣಿಯಾಗಿ ಬರೆಯುವ ದಾರಿ ಕಂಡುಕೊಂಡಿತು. ಅದೇ ಪರಂಪರೆಯ ಜ್ಯೇಷ್ಠದೇವ ಸುಮಾರು 1530ರಲ್ಲಿ ಯುಕ್ತಿಭಾಷಾ ಬರೆದ. ಒಂದು ಉದ್ದವನ್ನು ಚಿಕ್ಕ ಚಿಕ್ಕ ತುಂಡು ಮಾಡುತ್ತ ಹೋದರೆ ತಪ್ಪು ಹೇಗೆ ಕರಗುತ್ತ ಹೋಗುತ್ತದೆ ಅಂತ ಹೆಜ್ಜೆ ಹೆಜ್ಜೆಗೂ ಕಾರಣ ಕೊಟ್ಟು ವಿವರಿಸುತ್ತಾನೆ. ಸಂಸ್ಕೃತ ಶ್ಲೋಕದಲ್ಲಿ ನಿಯಮ ಮಾತ್ರ ಹಿಡಿಸೋದು ವಾಡಿಕೆಯಾಗಿದ್ದ ಕಾಲದಲ್ಲಿ ಅವನು ಕಾರಣಗಳನ್ನು ಬರೆದದ್ದು ಮಲಯಾಳಂ ಗದ್ಯದಲ್ಲಿ. ಕನ್ನಡ ಮೀಡಿಯಂನಿಂದ ಬಂದು ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳೋಕೆ ತಡವರಿಸಿದವನಿಗೆ ಈ ಸಂಗತಿ ಬಹಳ ಹೊತ್ತು ತಲೆಯಲ್ಲಿ ಉಳಿಯಿತು.

ಆದರೆ ನಮ್ಮ ಪಿಯುಸಿ ಪುಸ್ತಕದ ಲಿಮಿಟ್ ಬಂದದ್ದು ಈ ದಾರಿಯಲ್ಲಿ ಅಲ್ಲ, ಯುರೋಪಿನಿಂದ. ಅಲ್ಲಿನ ಕಥೆಯಲ್ಲಿ ನನಗೆ ಅಣ್ಣನ ಮಗಳು ಸಿಕ್ಕಳು.

ನ್ಯೂಟನ್ 1665ರ ಆಸುಪಾಸಿನಲ್ಲಿ ಕ್ಯಾಲ್ಕುಲಸ್ ಶುರು ಮಾಡಿದ, ಲೈಬ್ನಿಟ್ಸ್ ತನ್ನದನ್ನು 1684ರಲ್ಲಿ ಅಚ್ಚು ಹಾಕಿಸಿದ. ಎಕ್ಸ್ ವರ್ಗ ಎಷ್ಟು ವೇಗದಲ್ಲಿ ಬೆಳೆಯುತ್ತೆ ಅಂತ ನೋಡೋಕೆ ಎಕ್ಸ್‌ಗೆ ಒಂದು ಚಿಕ್ಕ ಸಂಖ್ಯೆ ಸೇರಿಸಬೇಕು, ವ್ಯತ್ಯಾಸ ತೆಗೆಯಬೇಕು, ಆ ಚಿಕ್ಕದರಿಂದ ಭಾಗಿಸಬೇಕು. ಉಳಿಯೋದು ಎರಡು ಎಕ್ಸ್ ಮತ್ತು ಆ ಚಿಕ್ಕ ಸಂಖ್ಯೆ. ಕೊನೆಗೆ ಚಿಕ್ಕದು ಸೊನ್ನೆ ಅಂತ ಬಿಟ್ಟುಬಿಡೋದು. ಉತ್ತರಗಳು ಸರಿ ಬರುತ್ತಿದ್ದವು, ಗ್ರಹಗಳು ಲೆಕ್ಕದಂತೆ ನಡೆಯುತ್ತಿದ್ದವು, ಯಾರೂ ಹೆಚ್ಚು ಕೆದಕಲಿಲ್ಲ.

1734ರಲ್ಲಿ ಜಾರ್ಜ್ ಬರ್ಕ್ಲಿ ಅನ್ನುವ ಬಿಷಪ್ ದಿ ಅನಲಿಸ್ಟ್ ಅನ್ನುವ ಪುಸ್ತಕ ಬರೆದು ಕೆದಕಿದ. ಭಾಗಿಸುವಾಗ ಅದು ಸೊನ್ನೆ ಅಲ್ಲ ಅಂತೀರಿ, ಆಮೇಲೆ ಅದೇ ಸೊನ್ನೆ ಅಂತೀರಿ, ಎರಡರಲ್ಲಿ ಒಂದು ಹೇಳಿ ಅಂದ. ಆ ಇದ್ದೂ ಇಲ್ಲದ ಸಂಖ್ಯೆಗಳನ್ನು ದೆವ್ವಕ್ಕೆ ಹೋಲಿಸಿ ಗೇಲಿಯನ್ನೂ ಮಾಡಿದ. ಇಂಥದ್ದನ್ನು ನಂಬುವವರು ಧರ್ಮದ ನಂಬಿಕೆಯನ್ನು ಯಾವ ಬಾಯಿಂದ ಪ್ರಶ್ನೆ ಮಾಡುತ್ತೀರಿ ಅನ್ನೋದು ಅವನ ಆಂತರ್ಯ. ಉದ್ದೇಶ ಏನೇ ಇರಲಿ, ಪ್ರಶ್ನೆ ಸರಿಯಾಗಿತ್ತು. "ಒಂದೇ ಲೆಕ್ಕದಾಗ ಎರಡು ಮಾತು." ಶಹಾಪುರದ ವಾಯ್ಸ್ ನೋಟ್‌ಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ.

ಅದಕ್ಕೆ ಸರಿಯಾದ ಉತ್ತರ ಕೊಡೋಕೆ ಯುರೋಪಿನ ದೊಡ್ಡ ತಲೆಗಳಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1817ರಲ್ಲಿ ಬೊಲ್ಜಾನೊ, 1821ರಲ್ಲಿ ತನ್ನ ಪಾಠದ ಪುಸ್ತಕದಲ್ಲಿ ಕೋಶಿ ದಾರಿ ತೋರಿದರು. 1860ರ ದಶಕದಲ್ಲಿ ಬರ್ಲಿನ್‌ನಲ್ಲಿ ವೈಯರ್‌ಸ್ಟ್ರಾಸ್ ಪಾಠ ಮಾಡುವ ಹೊತ್ತಿಗೆ ಇವತ್ತಿನ ರೂಪ ಬಂತು. ಲಿಮ್ ಅಂತ ಬರೆದು ಕೆಳಗೆ ಬಾಣ ಹಾಕೋ ಬರವಣಿಗೆ ಎಲ್ಲರ ಕೈಗೆ ಬಂದದ್ದು 1908ರ ಹಾರ್ಡಿಯ ಪುಸ್ತಕದಿಂದೀಚೆಗೆ. ಮಹಾವೀರನಿಂದ ಲೆಕ್ಕ ಹಾಕಿದರೆ ಸಾವಿರ ವರ್ಷದ ಕಥೆಯನ್ನು ನಾವು ಪಿಯುಸಿಯಲ್ಲಿ ಎರಡು ವಾರದಲ್ಲಿ ಮುಗಿಸುತ್ತೇವೆ. ಆಮೇಲೆ ಅರ್ಥವಾಗದ ಹುಡುಗರನ್ನು ದಡ್ಡರು ಅಂತೇವೆ.

ಭಾನುವಾರ ಫೋನ್ ಮಾಡಿದೆ. ಮೊದಲು ಬರ್ಕ್ಲಿ ಕಥೆ ಹೇಳಿದೆ. "ನೀ ಕೇಳಿದ್ದು ಪ್ರಶ್ನೆ ಸರಿ ಅದ. ಅದಕ್ಕ ಉತ್ತರ ಹುಡುಕ್ಲಾಕ ನೂರು ವರ್ಷ ಬೇಕಾತು" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಖರೇನ?" ಅಂದಳು.

ಉತ್ತರ ಹೀಗೆ ಹೇಳಿದೆ. ಆ ಲೆಕ್ಕದಲ್ಲಿ ಎಕ್ಸ್ ಯಾವತ್ತೂ 3 ಆಗೋದಿಲ್ಲ. ಲಿಮಿಟ್ 3ರ ಮೇಲೆ ಏನಿದೆ ಅಂತ ಕೇಳೋದೇ ಇಲ್ಲ, 3ರ ಸುತ್ತಮುತ್ತ ಎಲ್ಲಿಗೆ ಹೊರಟಿದೆ ಅಂತ ಮಾತ್ರ ಕೇಳುತ್ತೆ. 2.9 ಇಟ್ಟರೆ 5.9. 2.99 ಇಟ್ಟರೆ 5.99. ಆ ಕಡೆಯಿಂದ 3.01 ಇಟ್ಟರೆ 6.01. ಒಂದು 3 ಬಿಟ್ಟು ಉಳಿದೆಲ್ಲ ಕಡೆ ನಿನ್ನ ಉದ್ದ ಲೆಕ್ಕವೂ ಎಕ್ಸ್ ಪ್ಲಸ್ 3ಯೂ ಒಂದೇ. ಹಾಗಾಗಿ ಎರಡೂ ಹೊರಟಿರೋದು ಒಂದೇ ಊರಿಗೆ. ಕೊನೆ ಸ್ಟೆಪ್‌ನಲ್ಲಿ 3 ಹಾಕೋದು ಎಕ್ಸ್ ಪ್ಲಸ್ 3 ಅನ್ನುವ ಬೇರೆ ಲೆಕ್ಕಕ್ಕೆ. ಅದು 3ರ ಹತ್ತಿರ ಎಲ್ಲೂ ಹರಿದಿಲ್ಲ, ಜಿಗಿದಿಲ್ಲ. ಆದ್ದರಿಂದ ಅದು ಎಲ್ಲಿಗೆ ಹೊರಟಿದೆ ಅಂತ ತಿಳಿಯೋಕೆ 3 ಹಾಕಿ ನೋಡೋದು ಒಂದು ಅಡ್ಡದಾರಿ ಅಷ್ಟೇ. ಮೋಸ ಇಲ್ಲ. ನಡುವೆ ಒಂದು ವಾಕ್ಯ ಬಿಟ್ಟುಹೋಗಿದೆ, ಅದನ್ನು ಯಾರೂ ಬೋರ್ಡಿನ ಮೇಲೆ ಬರೆಯೋದಿಲ್ಲ.

ಅವಳು ಯೋಚಿಸಿದಳು. "ಹತ್ರ, ಹತ್ರ ಅಂತೀರಿ. ಎಷ್ಟು ಹತ್ರ ಕಾಕಾ?"

ನಾನು ಕುರ್ಚಿಯಿಂದ ಎದ್ದೆ. ಕೋಶಿಯಿಂದ ವೈಯರ್‌ಸ್ಟ್ರಾಸ್‌ವರೆಗೆ ನಡೆದ ಕೆಲಸವೆಲ್ಲ ಆ ಒಂದು ಮಾತಿಗೇ. "ಅದನ್ನ ನೀನೇ ಹೇಳಬೇಕು" ಅಂದೆ. 6ರಿಂದ ಎಷ್ಟು ಹೆಚ್ಚುಕಡಿಮೆ ಆದರೆ ಒಪ್ಪುತ್ತೀ, ಮೊದಲು ನೀನು ಹೇಳು. 0.01 ಅಂದರೆ ಎಕ್ಸ್ 3ರಿಂದ 0.01 ಒಳಗಿದ್ದರೆ ಸಾಕು ಅಂತ ನಾನು ಹೇಳ್ತೀನಿ. ನೀನು ಇನ್ನೂ ಹಟ ಮಾಡಿ ಕೋಟಿಯಲ್ಲಿ ಒಂದು ಪಾಲು ಅಂದರೆ, ಅದಕ್ಕೂ ನನ್ನ ಹತ್ತಿರ ಉತ್ತರ ಇರಬೇಕು. ನೀನು ಎಷ್ಟು ಚಿಕ್ಕದು ಕೇಳಿದರೂ ನಾನು ಸೋಲದಿದ್ದರೆ ಆಗ 6 ಲಿಮಿಟ್. ನಾವು ಕ್ಲೈಂಟ್‌ಗೆ ಬರೆದುಕೊಡೋ ಎಸ್‌ಎಲ್‌ಎ ಥರ: ಎಷ್ಟು ತಪ್ಪು ಸಹಿಸುತ್ತೀರಿ ಅಂತ ಅವರು ಹೇಳಬೇಕು, ಅದರೊಳಗೆ ಇರೋದು ನಮ್ಮ ಜವಾಬ್ದಾರಿ. ಎಪ್ಸಿಲಾನ್, ಡೆಲ್ಟಾ ಅಂತ ಬಿಇಯಲ್ಲಿ ಬಾಯಿಪಾಠ ಮಾಡಿದ್ದು ಈ ಆಟವನ್ನೇ ಅಂತ ನನಗೂ ಅವತ್ತೇ ಸರಿಯಾಗಿ ಅರ್ಥವಾದದ್ದು.

ಆಮೇಲೆ ಭಾಸ್ಕರನ ಎರಡೂ ಲೆಕ್ಕ ಕಳಿಸಿದೆ, ಒಂದರಲ್ಲಿ ತಪ್ಪಿದೆ, ಯಾವುದು ಅಂತ ಹುಡುಕು ಅಂದೆ. ರಾತ್ರಿ ಹತ್ತೂವರೆಗೆ ಫೋಟೊ ಬಂತು. 0.1, 0.01, 0.001 ಮೂರನ್ನೂ ಇಟ್ಟು ಎರಡು ಪುಟ ಗುಣಾಕಾರ. ಎರಡನೇ ಲೆಕ್ಕದ ಕೆಳಗೆ ಕನ್ನಡದಲ್ಲಿ: "15 ಬರಂಗಿಲ್ಲ. ಇವರದ್ದೂ ತಪ್ಪಾಗ್ಯದ."

ಆ ಕೊನೆಯ ಸಾಲಿನಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಮಹಾವೀರನೂ ಭಾಸ್ಕರನೂ ನಮ್ಮವರು ಅಂತ ಹೆಮ್ಮೆಪಡೋದು ಸುಲಭ, ಅದರಿಂದ ಯಾದಗಿರಿಯ ಶೇ. 50.59 ಏರೋದಿಲ್ಲ. ಅವರು ತಪ್ಪು ಮಾಡಿದರು, ಆದರೂ ದೊಡ್ಡವರು ಅಂತ ಒಂದು ಹುಡುಗಿಗೆ ಗೊತ್ತಾದರೆ, ತನಗೆ ತಿಳಿಯದ ಲೆಕ್ಕದ ಮುಂದೆ ಕೂತಾಗ ತನ್ನನ್ನೇ ದಡ್ಡಿ ಅಂದುಕೊಳ್ಳೋದು ಸ್ವಲ್ಪ ಕಡಿಮೆಯಾಗಬಹುದು. ಮಹಾವೀರನ ಪುಸ್ತಕ ಕನ್ನಡ ಅನುವಾದದೊಂದಿಗೆ 2000ದಲ್ಲಿ ಹೊಂಬುಜದಿಂದ ಬಂದಿದೆ. ಅನುವಾದಿಸಿದವರು ಪದ್ಮಾವತಮ್ಮ. ನಮ್ಮ ಕಡೆಯ ಪಿಯು ಕಾಲೇಜುಗಳ ಲೈಬ್ರರಿಯಲ್ಲಿ ಒಂದೊಂದು ಪ್ರತಿ ಇದ್ದರೆ ಚೆನ್ನ. ಸೊನ್ನೆಯ ಆ ತಪ್ಪು ನಿಯಮದ ಪಕ್ಕದಲ್ಲಿ ಮೇಷ್ಟ್ರು ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟರೆ ಇನ್ನೂ ಚೆನ್ನ.

ಆರ್ಟ್ಸ್ ಮಾತು ಮುಗಿದಿಲ್ಲ. ಕೆಮಿಸ್ಟ್ರಿ ಇನ್ನೂ ಕಾಡುತ್ತಿದೆಯಂತೆ. ಮೊನ್ನೆ ಮಧ್ಯಾಹ್ನ ಮೀಟಿಂಗ್‌ನಲ್ಲಿದ್ದಾಗ ಮತ್ತೊಂದು ವಾಯ್ಸ್ ನೋಟ್ ಬಂತು: "ಕಾಕಾ, ಸೈನ್ ಎಕ್ಸ್ ಬೈ ಎಕ್ಸ್ ಅದ. ಇದನ್ನ ಒಡೀಲಾಕ ಬರಂಗಿಲ್ಲ, ಹೊಡೀಲಾಕ ಬರಂಗಿಲ್ಲ. ಆದ್ರ ಒಂದು ಬರ್ತದ ಅಂತಾರ. ಯಾಕ?"

ಈ ಸಲ ಭಾನುವಾರದವರೆಗೆ ಕಾಯಿಸಲಿಲ್ಲ. ಮೀಟಿಂಗ್‌ನಿಂದ ಹೊರಗೆ ಬಂದು, ಒಂದು ವೃತ್ತ ಬರಿ ಅಂದೆ.